ಅಗ್ಗದ ಬೆಲೆಯ ಮೂರು ಮೂಲಗಳು: ಒಂದು ಕಿರಾಣಿ ಸಂಸ್ಥೆಯ ನೂರೈವತ್ತು ವರ್ಷಗಳ ಇತಿಹಾಸ

ವ್ಯಾಪಾರ ಕುಂದಿದಾಗ ಅಂಗಡಿಯ ನಾಮಫಲಕವನ್ನು ಬದಲಾಯಿಸುವುದು ವರ್ತಕ ಸಮಾಜದಲ್ಲಿ ಬಹುಕಾಲದಿಂದ ನಡೆದು ಬಂದಿರುವ ರೂಢಿ. ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಮಾವಿನ ತೋರಣ, ಹೊಸ ಹೆಸರು, ಅದರ ಕೆಳಗೆ ‘ಬೆಲೆ ಇಳಿಸಲಾಗಿದೆ’ ಎಂಬ ದಪ್ಪಕ್ಷರದ ಬರಹ. ಇಷ್ಟನ್ನು ಮಾಡಿದರೆ ದೂರವಾದ ಗಿರಾಕಿ ಮರಳಿ ಬರುವನೆಂಬ ನಂಬಿಕೆ. ಕೆಲವೊಮ್ಮೆ ಬರುವುದೂ ಉಂಟು. ಆದರೆ ಬಂದವನು ನಿಲ್ಲುವನೇ ಎಂಬುದು ಬೇರೆ ಪ್ರಶ್ನೆ. ಇಳಿಸಿದ ಬೆಲೆಯ ಹೊರೆಯನ್ನು ಹೊರುವವರು ಯಾರು ಎಂಬುದು ಅದಕ್ಕಿಂತಲೂ ಗಹನವಾದ ಪ್ರಶ್ನೆ.

ಈ ಎರಡು ಪ್ರಶ್ನೆಗಳಿಗೂ ಉತ್ತರ ನೀಡಬಲ್ಲ ಒಂದು ದೀರ್ಘ ನಿದರ್ಶನ ಅಮೆರಿಕದ ವಾಣಿಜ್ಯ ಇತಿಹಾಸದಲ್ಲಿದೆ. ಅದು ‘ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪೆನಿ’. ಜನರು ಅದನ್ನು ಚಿಕ್ಕದಾಗಿ ‘ಎ ಅಂಡ್ ಪಿ’ ಎಂದು ಕರೆಯುತ್ತಿದ್ದರು. ಒಂದು ಚಹದ ಅಂಗಡಿಯಾಗಿ ಆರಂಭಗೊಂಡ ಈ ಸಂಸ್ಥೆ 15,000ಕ್ಕೂ ಮಿಕ್ಕಿದ ಅಂಗಡಿಗಳನ್ನು ಹೊಂದಿ, ದಶಕಗಳ ಕಾಲ ಅಮೆರಿಕದ ಅತಿ ದೊಡ್ಡ ಚಿಲ್ಲರೆ ವ್ಯಾಪಾರಿಯೆನಿಸಿ, ಕೊನೆಗೆ 2015ರಲ್ಲಿ ಬಾಗಿಲು ಮುಚ್ಚಿತು. ತನ್ನ ಆಯುಷ್ಯದಲ್ಲಿ ಅದು ಮತ್ತೆ ಮತ್ತೆ ಹೊಸ ಹೆಸರುಗಳನ್ನು ಧರಿಸಿತು. ಪ್ರತಿಸಲವೂ ‘ನಮ್ಮಲ್ಲಿ ಅಗ್ಗ’ ಎಂದಿತು. ಆದರೆ ಆ ಅಗ್ಗದ ಬೆಲೆ ಬಂದ ಮೂಲ ಮಾತ್ರ ಪ್ರತಿಸಲವೂ ಒಂದೇ ಆಗಿರಲಿಲ್ಲ. ಈ ವ್ಯತ್ಯಾಸವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಎರಡು ಸಾಗರಗಳ ಹೆಸರು

1860ರ ಸುಮಾರಿಗೆ ನ್ಯೂಯಾರ್ಕ್ ನಗರದಲ್ಲಿ ಜಾರ್ಜ್ ಗಿಲ್ಮನ್ ಎಂಬ ಚರ್ಮದ ವ್ಯಾಪಾರಿ ಆ ವೃತ್ತಿಯನ್ನು ಬಿಟ್ಟು ಚಹದ ವ್ಯಾಪಾರಕ್ಕೆ ಇಳಿದರು. ಪೂರ್ವ ದೇಶಗಳಿಂದ ಹಡಗಿನಲ್ಲಿ ಬರುತ್ತಿದ್ದ ಚಹ ಆಗ ಆಮದುದಾರ, ದಲ್ಲಾಳಿ, ಸಗಟು ವ್ಯಾಪಾರಿ, ಚಿಲ್ಲರೆ ವ್ಯಾಪಾರಿ ಹೀಗೆ ಹಲವು ಕೈಗಳನ್ನು ದಾಟಿ ಗೃಹಸ್ಥನ ಮನೆಯನ್ನು ಸೇರುತ್ತಿತ್ತು. ಪ್ರತಿಯೊಂದು ಕೈಯೂ ತನ್ನ ಪಾಲನ್ನು ಬೆಲೆಗೆ ಕೂಡಿಸುತ್ತಿತ್ತು. ನಡುವಣ ಕೈಗಳನ್ನು ತಪ್ಪಿಸಿ ಮಾರುತ್ತೇವೆಂಬುದು ಗಿಲ್ಮನ್ ಅವರ ಜಾಹೀರಾತಿನ ಸಾರ. 1863ರಲ್ಲಿ ಅವರ ವ್ಯಾಪಾರಕ್ಕೆ ‘ಗ್ರೇಟ್ ಅಮೆರಿಕನ್ ಟೀ ಕಂಪೆನಿ’ ಎಂಬ ಹೆಸರು ಬಂತು. ದೂರದ ಊರುಗಳ ಜನರು ಗುಂಪು ಕಟ್ಟಿಕೊಂಡು ಒಟ್ಟಾಗಿ ಅಂಚೆಯ ಮೂಲಕ ಬೇಡಿಕೆ ಕಳುಹಿಸಿದರೆ ಕಡಿಮೆ ದರದಲ್ಲಿ ಚಹ ದೊರೆಯುತ್ತಿತ್ತು. ಗುಂಪನ್ನು ಕೂಡಿಸಿದವರಿಗೆ ಒಂದು ಪೊಟ್ಟಣ ಉಚಿತವಾಗಿ ಸಿಗುತ್ತಿತ್ತು.

1869ರ ಮೇ 10ರಂದು ಅಮೆರಿಕದ ಪೂರ್ವ ಮತ್ತು ಪಶ್ಚಿಮ ಭಾಗಗಳ ರೈಲು ಹಳಿಗಳು ಯೂಟಾ ಪ್ರಾಂತದಲ್ಲಿ ಒಂದುಗೂಡಿದವು. ದೇಶಕ್ಕೆ ದೇಶವೇ ಸಂಭ್ರಮದಲ್ಲಿತ್ತು. ಅದೇ ವರ್ಷ ಗಿಲ್ಮನ್ ಎರಡು ಮಹಾಸಾಗರಗಳನ್ನೂ ತಮ್ಮ ಅಂಗಡಿಯ ಹೆಸರಿಗೆ ಸೇರಿಸಿಕೊಂಡರು. ಆಗ ಪೆಸಿಫಿಕ್ ತೀರದಲ್ಲಿ ಅವರದು ಒಂದು ಅಂಗಡಿಯೂ ಇರಲಿಲ್ಲ. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ’ ಎಂಬ ನಮ್ಮ ಗಾದೆ ಇಲ್ಲಿ ನೆನಪಾಗದಿರದು. ಹಳೆಯ ಹೆಸರನ್ನೂ ಬಿಡದೆ ಅಂಚೆಯ ವ್ಯಾಪಾರಕ್ಕೆ ಅದನ್ನು ಉಳಿಸಿಕೊಂಡರು. 1871ರ ಭೀಕರ ಅಗ್ನಿಯಲ್ಲಿ ಶಿಕಾಗೋ ನಗರ ಬೆಂದುಹೋದ ಬಳಿಕ ಅಲ್ಲಿ ಅಂಗಡಿ ತೆರೆದರು. ಹೆಸರು ಹೇಳಿದ ದಿಕ್ಕಿನತ್ತ ಹೆಜ್ಜೆ ಹೀಗೆ ನಿಧಾನವಾಗಿ ಹೊರಳಿತು.

1878ರಲ್ಲಿ ಗಿಲ್ಮನ್ ನಿತ್ಯದ ವ್ಯವಹಾರದಿಂದ ಹಿಂದೆ ಸರಿದರು. ಅವರ ಜೊತೆಗಾರರಾಗಿದ್ದ ಜಾರ್ಜ್ ಹಂಟಿಂಗ್ಟನ್ ಹಾರ್ಟ್‌ಫರ್ಡ್ ಸಂಸ್ಥೆಯನ್ನು ವಹಿಸಿಕೊಂಡರು. ಇಬ್ಬರ ನಡುವಣ ಪಾಲುಗಾರಿಕೆ ಬಾಯಿಮಾತಿನದು. 1901ರಲ್ಲಿ ಗಿಲ್ಮನ್ ಉಯಿಲು ಬರೆಯದೆ ತೀರಿಕೊಂಡಾಗ ವಾರಸುದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ ರಾಜಿಯಾಗಿ, ಆಡಳಿತದ ಹಕ್ಕು ಹಾರ್ಟ್‌ಫರ್ಡ್ ಕುಟುಂಬಕ್ಕೆ ಉಳಿಯಿತು. ಪರಸ್ಪರ ವಿಶ್ವಾಸ ಎಷ್ಟೇ ಇದ್ದರೂ ಪಾಲುಪತ್ರ ಬರೆದಿಡುವುದು ವಿಶ್ವಾಸಕ್ಕೆ ವಿರೋಧವಲ್ಲ, ಮುಂದಿನ ತಲೆಮಾರಿಗೆ ಮಾಡುವ ಉಪಕಾರ ಎಂಬುದಕ್ಕೆ ಇದೊಂದು ಉದಾಹರಣೆ.

1912ರ ಮಿತವ್ಯಯದ ಅಂಗಡಿ

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಎ ಅಂಡ್ ಪಿ ಚಹ, ಕಾಫಿ, ಸಕ್ಕರೆ, ಬೇಕಿಂಗ್ ಪೌಡರ್ ಮೊದಲಾದ ಸರಕುಗಳನ್ನು ಮಾರುವ ಸಾಮಾನ್ಯ ಕಿರಾಣಿ ಸಂಸ್ಥೆಯಾಗಿತ್ತು. ಆ ಕಾಲದ ಉಳಿದ ಅಂಗಡಿಗಳಂತೆಯೇ ಇದೂ ಉದ್ದರಿ ಕೊಡುತ್ತಿತ್ತು, ಸರಕನ್ನು ಕುದುರೆ ಗಾಡಿಯಲ್ಲಿ ಮನೆಗೆ ಮುಟ್ಟಿಸುತ್ತಿತ್ತು, ಕೊಂಡವರಿಗೆ ಪಿಂಗಾಣಿ ಪಾತ್ರೆ, ಬಣ್ಣದ ಚಿತ್ರ, ಚೀಟಿಗಳನ್ನು ಬಹುಮಾನವಾಗಿ ನೀಡುತ್ತಿತ್ತು. ಇವೆಲ್ಲವೂ ಗಿರಾಕಿಗೆ ‘ಉಚಿತ’ವೆಂದೇ ತೋರುತ್ತಿದ್ದವು. ಖಾತೆ ಬರೆದವರಿಗೆ ಮಾತ್ರ ಅವುಗಳ ನಿಜವಾದ ಬೆಲೆ ಗೊತ್ತು. ಬಾರದ ಬಾಕಿಯನ್ನು ಅಂತಿಮವಾಗಿ ತುಂಬಿಕೊಡುವವನು ನಗದು ಕೊಡುವ ಗಿರಾಕಿಯೇ; ಒಬ್ಬನ ಮನೆಗೆ ಹೋದ ಗಾಡಿಯ ಖರ್ಚು ತಾನೇ ಹೊತ್ತು ಒಯ್ಯುವವನ ಸಕ್ಕರೆಯ ಬೆಲೆಯಲ್ಲಿಯೂ ಅಡಗಿರುತ್ತದೆ.

ಹಾರ್ಟ್‌ಫರ್ಡ್ ಅವರ ಮಕ್ಕಳಲ್ಲಿ ಹಿರಿಯರಾದ ಜಾರ್ಜ್ ಲೆಕ್ಕಪತ್ರಗಳಲ್ಲಿ ನಿಷ್ಣಾತರು, ಎಚ್ಚರಿಕೆಯ ಸ್ವಭಾವದವರು. ಕಿರಿಯರಾದ ಜಾನ್ ಹೊಸತನ್ನು ಪ್ರಯೋಗಿಸುವ ಧೈರ್ಯವುಳ್ಳವರು. 1912ರಲ್ಲಿ ಜಾನ್ ನ್ಯೂಜೆರ್ಸಿ ಪ್ರಾಂತದ ಜೆರ್ಸಿ ನಗರದಲ್ಲಿ ಒಂದು ಚಿಕ್ಕ ಅಂಗಡಿಯನ್ನು ತೆರೆದರು. ಅಲ್ಲಿ ಉದ್ದರಿಯಿಲ್ಲ, ಮನೆಗೆ ಸರಕು ಮುಟ್ಟಿಸುವುದಿಲ್ಲ, ಬಹುಮಾನವಿಲ್ಲ, ಅಲಂಕಾರವಿಲ್ಲ. ಕೆಲಸಗಾರರ ಸಂಖ್ಯೆ ಆದಷ್ಟು ಕಡಿಮೆ, ಬಾಡಿಗೆಯೂ ಕಡಿಮೆ. ಹೀಗೆ ಉಳಿದದ್ದನ್ನೆಲ್ಲ ಬೆಲೆಯಲ್ಲಿ ಇಳಿಸಿದರು. ಸಂಸ್ಥೆಯ ಇತಿಹಾಸದಲ್ಲಿ ಹೇಳಿಕೊಂಡು ಬಂದಿರುವ ಸಂಗತಿಯೊಂದು ಬಹಳ ಮಾರ್ಮಿಕವಾಗಿದೆ. ಆ ಪ್ರಯೋಗದ ಅಂಗಡಿಗೆ ಎ ಅಂಡ್ ಪಿ ಎಂಬ ಫಲಕವನ್ನೇ ಹಾಕಿರಲಿಲ್ಲ. ಅದಿದ್ದದ್ದು ಅದೇ ಸಂಸ್ಥೆಯ ಒಳ್ಳೆಯ ಲಾಭದ ಅಂಗಡಿಯೊಂದರ ಹತ್ತಿರದಲ್ಲಿ. ಆರು ತಿಂಗಳೊಳಗೆ ಹೆಸರಿಲ್ಲದ ಅಂಗಡಿ ಹೆಸರಿದ್ದ ಅಂಗಡಿಯನ್ನು ಮುಚ್ಚಿಸಿತು.

ನೂರು ಪೌಂಡ್ ಬೆಣ್ಣೆಯನ್ನು ಪೌಂಡಿಗೆ ಎರಡು ಸೆಂಟ್ ಲಾಭಕ್ಕೆ ಮಾರುವುದಕ್ಕಿಂತ ಇನ್ನೂರು ಪೌಂಡನ್ನು ಒಂದು ಸೆಂಟ್ ಲಾಭಕ್ಕೆ ಮಾರುವುದೇ ಮೇಲೆಂಬುದು ಜಾನ್ ಅವರ ವ್ಯಾಪಾರ ಸೂತ್ರ. ಗಣಿತದ ದೃಷ್ಟಿಯಿಂದ ಎರಡರ ಮೊತ್ತವೂ ಒಂದೇ. ಆದರೆ ಎರಡನೆಯ ದಾರಿಯಲ್ಲಿ ಇಮ್ಮಡಿ ಮನೆಗಳಿಗೆ ಬೆಣ್ಣೆ ಸೇರುತ್ತದೆ. ಆಹಾರಕ್ಕಾಗಿಯೇ ಗಳಿಕೆಯ ದೊಡ್ಡ ಪಾಲು ವ್ಯಯವಾಗುತ್ತಿದ್ದ ಕಾರ್ಮಿಕ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ‘ಎಕಾನಮಿ ಸ್ಟೋರ್’ ಎಂದು ಹೆಸರಾದ ಈ ಬಗೆಯ ಅಂಗಡಿಗಳು ಅತಿ ಶೀಘ್ರವಾಗಿ ಹಬ್ಬಿದವು. 1912ರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಅಂಗಡಿಗಳಿದ್ದ ಸಂಸ್ಥೆ 1920ಕ್ಕೆ ಸುಮಾರು 4,600 ಅಂಗಡಿಗಳನ್ನೂ, 1925ಕ್ಕೆ ಸುಮಾರು 14,000 ಅಂಗಡಿಗಳನ್ನೂ ಹೊಂದಿತ್ತು. 1929ರಲ್ಲಿ ವಾರ್ಷಿಕ ಮಾರಾಟ 100 ಕೋಟಿ ಡಾಲರನ್ನು ದಾಟಿತು. ತನ್ನದೇ ರೊಟ್ಟಿಯ ಕಾರ್ಖಾನೆಗಳು, ಕಾಫಿ ಹುರಿಯುವ ಘಟಕಗಳು, ಮೀನಿನ ಡಬ್ಬಿ ಕಟ್ಟುವ ಕಾರ್ಖಾನೆಗಳು ಅದಕ್ಕಿದ್ದವು.

ಈ ವಿಸ್ತಾರದ ಮೊದಲ ಹಂತದಲ್ಲಿ ಅಗ್ಗದ ಬೆಲೆಯ ಮೂಲ ಯಾವುದು? ಅದು ವರ್ತಕನ ಸ್ವಂತ ಮಿತವ್ಯಯ. ತನ್ನ ಆಡಂಬರವನ್ನು ತಾನೇ ಕತ್ತರಿಸಿಕೊಂಡು ಅದರ ಫಲವನ್ನು ಗಿರಾಕಿಗೆ ಹಂಚಿದ್ದು. ಹೊಸ ನಡತೆ ಮೊದಲು ಬಂತು, ಹೊಸ ಹೆಸರು ಅದರ ಹಿಂದೆ ಬಂತು.

ಆದರೂ ಇಲ್ಲೊಂದು ಮಾತನ್ನು ಹೇಳದಿದ್ದರೆ ವಿಚಾರ ಅಪೂರ್ಣವಾದೀತು. ನಗದು ವ್ಯಾಪಾರ ನಗದು ಇದ್ದವರಿಗೆ ಮಾತ್ರ ಅಗ್ಗ. ಕೂಲಿ ತಪ್ಪಿದ ವಾರ, ಮುಷ್ಕರದ ತಿಂಗಳು, ಮನೆಯಲ್ಲಿ ಕಾಯಿಲೆ. ಇಂಥ ಹೊತ್ತಿನಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಹಿಟ್ಟು ಕೊಡುತ್ತಿದ್ದವನು ಬೀದಿಯ ಮೂಲೆಯ ಸಣ್ಣ ವರ್ತಕ. ಅವನ ಬೆಲೆಯಲ್ಲಿ ಸೇರಿದ್ದ ಒಂದೆರಡು ಸೆಂಟ್ ಹೆಚ್ಚಿಗೆಯು ಕಷ್ಟಕಾಲದ ಆಸರೆಗೆ ಜನರು ತಿಳಿಯದೆಯೇ ಕಟ್ಟುತ್ತಿದ್ದ ಕಂತಿನಂತಿತ್ತು. ಎಕಾನಮಿ ಸ್ಟೋರ್ ಆ ಕಂತನ್ನು ತೆಗೆದುಹಾಕಿತು; ಆಸರೆಯನ್ನೂ ತೆಗೆದುಹಾಕಿತು.

ಸಣ್ಣ ವರ್ತಕರ ಕೂಗು

ಸರಪಳಿ ಅಂಗಡಿಗಳ ವಿರುದ್ಧ 1920ರ ದಶಕದ ಕೊನೆಯಿಂದ ದೊಡ್ಡ ಚಳವಳಿಯೇ ಎದ್ದಿತು. ಊರಿನ ಹಣ ಊರಿನಲ್ಲಿ ಉಳಿಯದೆ ನ್ಯೂಯಾರ್ಕಿಗೆ ಹರಿಯುತ್ತದೆ, ಸ್ವತಂತ್ರ ವರ್ತಕನ ಮಗ ನಾಳೆ ಸಂಬಳದ ಗುಮಾಸ್ತನಾಗುತ್ತಾನೆ ಎಂಬುದು ಅದರ ವಾದ. ಇದು ಕೇವಲ ಹೊಟ್ಟೆಕಿಚ್ಚಿನ ಮಾತಲ್ಲ. ಊರಿನ ಶಾಲೆ, ಚರ್ಚು, ಪುರಸಭೆಗಳನ್ನು ನಡೆಸುತ್ತಿದ್ದವರು ಇದೇ ವರ್ತಕರು. ಅಂಗಡಿಗಳ ಸಂಖ್ಯೆ ಹೆಚ್ಚಿದಂತೆ ಹೆಚ್ಚುವ ತೆರಿಗೆಯನ್ನು ಇಂಡಿಯಾನಾ ರಾಜ್ಯ ವಿಧಿಸಿದಾಗ 1931ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮುಂದಿನ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥ ತೆರಿಗೆಗಳನ್ನು ತಂದವು.

ಟೆಕ್ಸಾಸಿನ ಜನಪ್ರತಿನಿಧಿ ರೈಟ್ ಪ್ಯಾಟ್‌ಮನ್ ಈ ಹೋರಾಟದ ಮುಂದಾಳು. 1936ರಲ್ಲಿ ಜಾರಿಗೆ ಬಂದ ರಾಬಿನ್ಸನ್-ಪ್ಯಾಟ್‌ಮನ್ ಕಾಯಿದೆಯು ಉತ್ಪಾದಕರು ದೊಡ್ಡ ಗಿರಾಕಿಗೊಂದು ಬೆಲೆ, ಸಣ್ಣ ಗಿರಾಕಿಗೊಂದು ಬೆಲೆ ಹಾಕುವುದನ್ನು ನಿರ್ಬಂಧಿಸಿತು. 1938ರಲ್ಲಿ ಅವರು ಇನ್ನೂ ಕಠಿಣವಾದ ಮಸೂದೆಯೊಂದನ್ನು ಮಂಡಿಸಿದರು. ಅಂಗಡಿಗೆ ಇಷ್ಟೆಂದು ವಿಧಿಸುವ ತೆರಿಗೆಯನ್ನು, ಸಂಸ್ಥೆ ಎಷ್ಟು ರಾಜ್ಯಗಳಲ್ಲಿ ವ್ಯಾಪಾರ ಮಾಡುತ್ತದೆಯೋ ಆ ಸಂಖ್ಯೆಯಿಂದ ಗುಣಿಸುವುದು ಅದರ ಕ್ರಮ. ಅದು ಕಾಯಿದೆಯಾಗಿದ್ದರೆ ಎ ಅಂಡ್ ಪಿಯ ಇಡೀ ಲಾಭವನ್ನು ಕೊಟ್ಟರೂ ತೆರಿಗೆ ತೀರುತ್ತಿರಲಿಲ್ಲ. 1940ರಲ್ಲಿ ಮಸೂದೆ ಬಿದ್ದುಹೋಯಿತು.

ಅದು ಬಿದ್ದುಹೋದ ಬಗೆಯಲ್ಲಿ ಮೆಚ್ಚತಕ್ಕದ್ದೂ ಇದೆ, ಮೆಚ್ಚಬಾರದ್ದೂ ಇದೆ. 1938ರಲ್ಲಿ ಹಾರ್ಟ್‌ಫರ್ಡ್ ಸಹೋದರರು ಪತ್ರಿಕೆಗಳಲ್ಲಿ ತಮ್ಮ ಹೆಸರಿನಲ್ಲಿಯೇ ಹೇಳಿಕೆ ಪ್ರಕಟಿಸಿ, ಮಸೂದೆಯನ್ನು ಏಕೆ ವಿರೋಧಿಸುತ್ತೇವೆಂದು ನೇರವಾಗಿ ತಿಳಿಸಿದರು. ಇದು ಗೌರವದ ಮಾರ್ಗ. ಆದರೆ ಅದೇ ಸಮಯದಲ್ಲಿ ಕಾರ್ಲ್ ಬಯರ್ ಅವರ ಪ್ರಚಾರ ಸಂಸ್ಥೆಯ ಮೂಲಕ, ಗ್ರಾಹಕರ ಸ್ವತಂತ್ರ ಧ್ವನಿಯೆಂಬಂತೆ ತೋರುವ ಸಂಘಟನೆಗಳಿಗೆ ತೆರೆಮರೆಯಿಂದ ಬೆಂಬಲ ನೀಡಲಾಯಿತು. ಜೆರ್ಸಿ ನಗರದಲ್ಲಿ ಹೆಸರನ್ನು ಮರೆಮಾಡಿದ್ದು ತನ್ನ ವ್ಯಾಪಾರ ಕ್ರಮವನ್ನೇ ಪರೀಕ್ಷೆಗೆ ಒಡ್ಡುವುದಕ್ಕಾಗಿ; ಇಲ್ಲಿ ಹೆಸರನ್ನು ಮರೆಮಾಡಿದ್ದು ಕೇಳುವವರನ್ನು ದಾರಿ ತಪ್ಪಿಸುವುದಕ್ಕಾಗಿ. ಹೊರನೋಟಕ್ಕೆ ಎರಡೂ ಒಂದೇ ಕ್ರಿಯೆ. ಉದ್ದೇಶದಿಂದ ನೋಡಿದರೆ ಅವುಗಳ ನಡುವೆ ಅಜಗಜಾಂತರ.

ಕಾರ್ಮಿಕರ ವಿಷಯದಲ್ಲಿಯೂ ಇಂಥದೇ ಮಿಶ್ರಫಲ. 1934ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ನೌಕರರು ಸಂಘ ಕಟ್ಟಲು ಹೊರಟಾಗ ಸಂಸ್ಥೆ ಅಲ್ಲಿದ್ದ ಸುಮಾರು 300 ಅಂಗಡಿಗಳನ್ನು ಒಮ್ಮೆಲೇ ಮುಚ್ಚಿತು; ಸರ್ಕಾರ ಮಧ್ಯೆ ಪ್ರವೇಶಿಸಿದ ಮೇಲೆ ಮತ್ತೆ ತೆರೆಯಿತು. ಕೆಲವು ವರ್ಷಗಳ ನಂತರ, ಮಸೂದೆಯ ವಿರುದ್ಧ ಕಾರ್ಮಿಕ ಸಂಘಗಳ ಬೆಂಬಲ ಬೇಕಾದಾಗ, ಅದೇ ಸಂಸ್ಥೆ ಸಂಘಗಳೊಡನೆ ಒಪ್ಪಂದಕ್ಕೆ ಬಂತು. ನ್ಯಾಯವನ್ನು ನ್ಯಾಯವೆಂದು ಕೊಡುವುದಕ್ಕೂ ಅಗತ್ಯ ಬಿದ್ದಾಗ ಕೊಡುವುದಕ್ಕೂ ವ್ಯತ್ಯಾಸವುಂಟು.

ನ್ಯಾಯಾಲಯದ ಮುಂದೆ

ಅಷ್ಟರಲ್ಲಿ ವ್ಯಾಪಾರದ ಸ್ವರೂಪವೇ ಮತ್ತೊಮ್ಮೆ ಬದಲಾಗಿತ್ತು. ಹಿಂದೆ ಎ ಅಂಡ್ ಪಿಯಲ್ಲಿಯೂ ದುಡಿದಿದ್ದ ಮೈಕೇಲ್ ಕಲನ್ ಎಂಬವರು 1930ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ‘ಕಿಂಗ್ ಕಲನ್’ ಎಂಬ ವಿಶಾಲವಾದ ಮಳಿಗೆಯನ್ನು ತೆರೆದರು. ಗಿರಾಕಿ ತಾನೇ ಸರಕನ್ನು ಆರಿಸಿಕೊಂಡು ಗಲ್ಲಾದ ಬಳಿಗೆ ತರುವ ಕ್ರಮ ಅಲ್ಲಿತ್ತು. ಎ ಅಂಡ್ ಪಿ ಮೊದಲು ಹಿಂಜರಿದರೂ 1930ರ ದಶಕದ ಉತ್ತರಾರ್ಧದಲ್ಲಿ ತಾನೂ ಆ ದಾರಿಯನ್ನು ಹಿಡಿಯಿತು. ಸಾವಿರಾರು ಚಿಕ್ಕ ಅಂಗಡಿಗಳನ್ನು ಮುಚ್ಚಿ ದೊಡ್ಡ ಮಳಿಗೆಗಳನ್ನು ತೆರೆಯಿತು. 1940ರ ದಶಕದ ಆರಂಭಕ್ಕೆ ಅಂಗಡಿಗಳ ಸಂಖ್ಯೆ ಸುಮಾರು 6,000ಕ್ಕೆ ಇಳಿದರೂ ಮಾರಾಟ ಇಳಿಯಲಿಲ್ಲ. ಬೆಳವಣಿಗೆಯೆಂದರೆ ಅಂಗಡಿಗಳ ಎಣಿಕೆಯಲ್ಲ ಎಂಬುದನ್ನು ಸಹೋದರರು ಅರಿತಿದ್ದರು.

ಆದರೆ ಸರ್ಕಾರದ ದೃಷ್ಟಿ ಈ ಸಂಸ್ಥೆಯ ಖರೀದಿ ಪದ್ಧತಿಯ ಮೇಲೆ ಬಿದ್ದಿತ್ತು. ಹಣ್ಣು ತರಕಾರಿಗಳ ಖರೀದಿಗೆಂದು ಎ ಅಂಡ್ ಪಿ ‘ಅಟ್ಲಾಂಟಿಕ್ ಕಮಿಷನ್ ಕಂಪೆನಿ’ ಎಂಬ ಅಂಗಸಂಸ್ಥೆಯನ್ನು ಇಟ್ಟುಕೊಂಡಿತ್ತು. ಅದು ಮಾತೃಸಂಸ್ಥೆಗಾಗಿ ಖರೀದಿಸುವುದರ ಜೊತೆಗೆ ಬೆಳೆಗಾರರ ಪರವಾಗಿ ಇತರ ವರ್ತಕರಿಗೂ ಮಾರುತ್ತಿತ್ತು. ದಲ್ಲಾಳಿಯಾಗಿ ತರಗನ್ನೂ ಪಡೆಯುತ್ತಿತ್ತು. ಕೊಳ್ಳುವವನೂ ತಾನೇ, ಮಾರುವವನ ಪ್ರತಿನಿಧಿಯೂ ತಾನೇ! ನಮ್ಮ ಕೃಷಿ ಮಾರುಕಟ್ಟೆಗಳಲ್ಲಿ ಓಡಾಡಿದವರಿಗೆ ಈ ಸ್ಥಿತಿಯ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಲ್ಲದೆ, ಉತ್ಪಾದಕರು ವಿಶೇಷ ರಿಯಾಯಿತಿ ಕೊಡದಿದ್ದರೆ ಆ ಪದಾರ್ಥವನ್ನು ತಾನೇ ತಯಾರಿಸುವೆನೆಂಬ ಬೆದರಿಕೆ, ಒಂದು ಊರಿನ ಲಾಭದಿಂದ ಇನ್ನೊಂದು ಊರಿನಲ್ಲಿ ಬೆಲೆ ಇಳಿಸಿ ಪ್ರತಿಸ್ಪರ್ಧಿಗಳನ್ನು ಬಳಲಿಸುವುದು ಮುಂತಾದ ಆರೋಪಗಳೂ ಇದ್ದವು.

1946ರಲ್ಲಿ ಇಲಿನಾಯ್ ರಾಜ್ಯದ ಡ್ಯಾನ್‌ವಿಲ್‌ನಲ್ಲಿ ನ್ಯಾಯಾಧೀಶ ವಾಲ್ಟರ್ ಲಿಂಡ್ಲಿ ಸಂಸ್ಥೆಯನ್ನು ಅಪರಾಧಿಯೆಂದು ಸಾರಿದರು. ಒಟ್ಟು 1,75,000 ಡಾಲರ್ ದಂಡ ಬಿತ್ತು. ವ್ಯಾಪಾರದ ಗಾತ್ರಕ್ಕೆ ಹೋಲಿಸಿದರೆ ಆ ಮೊತ್ತ ಅತ್ಯಲ್ಪ, ಕಳಂಕ ಅಲ್ಪವಲ್ಲ. 1949ರಲ್ಲಿ ಮೇಲಿನ ನ್ಯಾಯಾಲಯವೂ ತೀರ್ಪನ್ನು ಸ್ಥಿರಪಡಿಸಿತು. 1954ರಲ್ಲಿ ಮತ್ತೊಂದು ಮೊಕದ್ದಮೆ ರಾಜಿಯಲ್ಲಿ ಮುಗಿದು ಆ ಅಂಗಸಂಸ್ಥೆಯನ್ನು ವಿಸರ್ಜಿಸಲಾಯಿತು. ಈ ತೀರ್ಪನ್ನು ಎಲ್ಲರೂ ಒಪ್ಪಲಿಲ್ಲ. ಈ ಸಂಸ್ಥೆಯ ಬಗ್ಗೆ 1959ರಲ್ಲಿ ಗ್ರಂಥ ಪ್ರಕಟಿಸಿದ ಅರ್ಥಶಾಸ್ತ್ರಜ್ಞ ಮಾರಿಸ್ ಅಡೆಲ್ಮನ್ ಮೊದಲಾದವರು, ಇಲ್ಲಿ ಶಿಕ್ಷೆಯಾದದ್ದು ದಕ್ಷತೆಗೇ ಎಂದು ವಾದಿಸಿದರು. ಗೃಹಿಣಿಗೆ ಅಗ್ಗವಾಗಿ ಸರಕು ಸಿಕ್ಕಿದ್ದು ಸತ್ಯವೇ ಸರಿ.

ಆದರೂ ಒಂದು ಭೇದವನ್ನು ಗಮನಿಸಬೇಕು. 1912ರ ಅಗ್ಗವು ತನ್ನ ಮನೆಯ ಖರ್ಚನ್ನು ಕಡಿಮೆ ಮಾಡಿದ್ದರಿಂದ ಬಂದದ್ದು. 1930ರ ದಶಕದ ಅಗ್ಗದಲ್ಲಿ ಒಂದು ಅಂಶ ಇನ್ನೊಬ್ಬನ ಪಾಲನ್ನು ಹಿಂಡಿದ್ದರಿಂದ ಬಂದದ್ದು. ಬೆಳೆಗಾರನ ಪ್ರತಿನಿಧಿಯೆಂದು ತರಗು ಪಡೆದವನು ಬೆಳೆಗಾರನ ಹಿತವನ್ನೇ ನೋಡಬೇಕಾಗಿತ್ತು. ಗಿರಾಕಿಯ ಕೈಗೆ ಬಂದ ಬೆಲೆಯ ಚೀಟಿಯಲ್ಲಿ ಈ ಎರಡು ಬಗೆಯ ಅಗ್ಗಗಳು ಬೇರೆ ಬೇರೆಯಾಗಿ ಕಾಣಿಸುವುದಿಲ್ಲ. ಆದುದರಿಂದಲೇ ವರ್ತಕನ ಅಂತಃಕರಣಕ್ಕೆ ಇಲ್ಲಿ ಹೆಚ್ಚಿನ ಹೊಣೆಯಿದೆ.

ದಾನವೂ ಲಾಭಾಂಶವೂ

ಜಾನ್ ಹಾರ್ಟ್‌ಫರ್ಡ್ 1951ರಲ್ಲಿಯೂ ಜಾರ್ಜ್ 1957ರಲ್ಲಿಯೂ ನಿಧನರಾದರು. ಇಬ್ಬರಿಗೂ ಮಕ್ಕಳಿರಲಿಲ್ಲ. 1929ರಲ್ಲಿ ಸ್ಥಾಪಿಸಿದ್ದ ಜಾನ್ ಎ. ಹಾರ್ಟ್‌ಫರ್ಡ್ ಪ್ರತಿಷ್ಠಾನಕ್ಕೆ ಅವರ ಷೇರುಗಳು ಸೇರಿದವು. ಆ ಪ್ರತಿಷ್ಠಾನ ವೈದ್ಯಕೀಯ ಸಂಶೋಧನೆಗೆ ಉದಾರವಾಗಿ ನೆರವಾಯಿತು. ಮುಂದೆ ವೃದ್ಧರ ಆರೋಗ್ಯದ ಕ್ಷೇತ್ರದಲ್ಲಿ ಹೆಸರಾಯಿತು. ಗಳಿಸಿದ್ದನ್ನು ಲೋಕಕ್ಕೆ ಮರಳಿಸಿದ ಸಹೋದರರ ಔದಾರ್ಯವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ದಾನದ ವ್ಯವಸ್ಥೆಯಲ್ಲಿಯೂ ವಿವೇಕ ಬೇಕೆಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ. ಸಹೋದರರ ನಂತರ ಸಂಸ್ಥೆಯ ಚುಕ್ಕಾಣಿ ಹಿಡಿದ ರಾಲ್ಫ್ ಬರ್ಗರ್ ಅವರೇ ಪ್ರತಿಷ್ಠಾನದ ಮುಖ್ಯಸ್ಥರೂ ಆಗಿದ್ದರು. ಪ್ರತಿಷ್ಠಾನಕ್ಕೂ ಉಳಿದ ವಾರಸುದಾರರಿಗೂ ಬೇಕಾದದ್ದು ವರ್ಷ ವರ್ಷದ ಲಾಭಾಂಶ. ಲಾಭದ ಬಹುಪಾಲನ್ನು ಹಾಗೆ ಹಂಚಲಾಯಿತು. ಅಂಗಡಿಗಳ ನವೀಕರಣಕ್ಕೆ ಉಳಿದದ್ದು ಸ್ವಲ್ಪ. ಯುದ್ಧಾನಂತರ ಅಮೆರಿಕದ ಕುಟುಂಬಗಳು ಕಾರು ಕೊಂಡು ಹೊರವಲಯದ ಬಡಾವಣೆಗಳಿಗೆ ಹೋಗುತ್ತಿದ್ದಾಗ ಎ ಅಂಡ್ ಪಿಯ ಅಂಗಡಿಗಳು ಹಳೆಯ ಬೀದಿಗಳಲ್ಲಿಯೇ ಹಳತಾಗುತ್ತ ಉಳಿದವು. ಹಸುವಿನ ಹಾಲನ್ನೆಲ್ಲ ದಾನ ಮಾಡಿ ಹಸುವಿಗೆ ಹುಲ್ಲು ಹಾಕದಿದ್ದರೆ, ದಾನವೂ ಬಹುಕಾಲ ನಡೆಯದು.

ಇನ್ನೆರಡು ತಪ್ಪು ಹೆಜ್ಜೆಗಳನ್ನು ಇಲ್ಲಿಯೇ ಹೇಳಬೇಕು. 1912ರಲ್ಲಿ ಬಹುಮಾನದ ಚೀಟಿಗಳನ್ನು ಕಿತ್ತೊಗೆದಿದ್ದ ಸಂಸ್ಥೆಯೇ 1960ರ ದಶಕದ ಆರಂಭದಲ್ಲಿ ‘ಪ್ಲೇಡ್’ ಎಂಬ ಚೀಟಿಗಳನ್ನು ಹಂಚತೊಡಗಿತು. ಅದೇ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಹಾರ್ಸ್‌ಹೆಡ್ಸ್‌ನಲ್ಲಿ ಬೃಹತ್ತಾದ ಆಹಾರ ಕಾರ್ಖಾನೆಯನ್ನು ಕಟ್ಟಿ, ಅದನ್ನು ನಡೆಸುವುದಕ್ಕಾಗಿ ತನ್ನದೇ ಮುದ್ರೆಯ ಸರಕುಗಳನ್ನು ಅಂಗಡಿಗಳಲ್ಲಿ ತುಂಬಿತು. ಗಿರಾಕಿ ಕೇಳುತ್ತಿದ್ದ ಬೇರೆ ಸರಕುಗಳಿಗೆ ಕಪಾಟಿನಲ್ಲಿ ಸ್ಥಳ ಕಡಿಮೆಯಾಯಿತು. ಗಿರಾಕಿಗಾಗಿ ಕಾರ್ಖಾನೆ ಎಂಬ ಕ್ರಮ ತಲೆಕೆಳಗಾಗಿ, ಕಾರ್ಖಾನೆಗಾಗಿ ಗಿರಾಕಿ ಎಂಬಂತಾಯಿತು.

1972ರ ಹೊಸ ಹೆಸರು

1970ರ ದಶಕದ ಆರಂಭದಲ್ಲಿ ವಿಲಿಯಂ ಕೇನ್ ಅವರ ನಾಯಕತ್ವದಲ್ಲಿ ಸಂಸ್ಥೆ ಒಂದು ದೊಡ್ಡ ಸಾಹಸಕ್ಕೆ ಕೈಹಾಕಿತು. ಅಂಗಡಿಗಳಿಗೆ ‘ಡಬ್ಲ್ಯು.ಇ.ಓ.’ ಎಂಬ ಹೊಸ ಗುರುತು ಬಂತು. ‘ಮಿತವ್ಯಯ ಉದಯಿಸುವ ತಾಣ’ ಎಂಬ ಅರ್ಥದ ಇಂಗ್ಲಿಷ್ ನುಡಿಯ ಮೊದಲ ಅಕ್ಷರಗಳು ಇವು. ಅರವತ್ತು ವರ್ಷಗಳ ಹಿಂದೆ ಜಾನ್ ಹಾರ್ಟ್‌ಫರ್ಡ್ ಬಳಸಿದ ‘ಎಕಾನಮಿ’ ಎಂಬ ಪದವೇ ಮತ್ತೆ ಫಲಕವೇರಿತು. ಸರಕುಗಳ ಬಗೆಗಳನ್ನು ಕಡಿಮೆ ಮಾಡಿ, ಸಾವಿರಾರು ವಸ್ತುಗಳ ಬೆಲೆಗಳನ್ನು ಒಮ್ಮೆಗೇ ಇಳಿಸಲಾಯಿತು.

ಗಿರಾಕಿಗಳು ಬಂದರು, ಮಾರಾಟವೂ ಏರಿತು. ಆದರೆ ಇಳಿಸಿದ ಬೆಲೆಗೆ ಆಧಾರವಾಗಬೇಕಾದ ವೆಚ್ಚದ ಇಳಿಕೆ ಆಗಿರಲಿಲ್ಲ. ಅದೇ ಹಳೆಯ ಕಟ್ಟಡ, ಅದೇ ಇಕ್ಕಟ್ಟಿನ ಮಳಿಗೆ, ಹಲವು ವರ್ಷ ದುಡಿದ ನೌಕರರಿಗೆ ಸಲ್ಲಬೇಕಾದ ಅದೇ ಸಂಬಳ. 1972ರ ಲೆಕ್ಕದ ವರ್ಷದಲ್ಲಿ ಸಂಸ್ಥೆಗೆ ಸುಮಾರು 5 ಕೋಟಿ ಡಾಲರ್ ನಷ್ಟವಾಯಿತು. ಬೆಲೆಯ ಈ ಯುದ್ಧದಲ್ಲಿ ಇತರ ಕಿರಾಣಿ ಸಂಸ್ಥೆಗಳೂ ಗಾಯಗೊಂಡವು. 1973ರಲ್ಲಿ ಆಹಾರ ಪದಾರ್ಥಗಳ ಬೆಲೆಗಳು ಏರತೊಡಗಿದಾಗ ಎ ಅಂಡ್ ಪಿ ಕೂಡ ಬೆಲೆ ಏರಿಸಲೇಬೇಕಾಯಿತು. ಅಗ್ಗವೆಂದು ಬಂದವರು ಹೊರಟುಹೋದರು. ಅದೇ ವರ್ಷ ಸೇಫ್‌ವೇ ಸಂಸ್ಥೆ ಎ ಅಂಡ್ ಪಿಯನ್ನು ಹಿಂದಿಕ್ಕಿ ದೇಶದ ಅತಿ ದೊಡ್ಡ ಕಿರಾಣಿ ಸಂಸ್ಥೆಯಾಯಿತು.

ಇದೇ ಅಗ್ಗದ ಮೂರನೆಯ ಮೂಲ. ಇಲ್ಲಿ ವರ್ತಕ ತನ್ನ ಖರ್ಚನ್ನೂ ಕಡಿಮೆ ಮಾಡಲಿಲ್ಲ, ಇನ್ನೊಬ್ಬನ ಪಾಲನ್ನೂ ಹಿಂಡಲಿಲ್ಲ. ತನ್ನ ಬಂಡವಾಳವನ್ನೇ ಕರಗಿಸಿ ಗಿರಾಕಿಗೆ ಹಂಚಿದ. ನೋಡುವುದಕ್ಕೆ ಇದು ಔದಾರ್ಯದಂತೆ ಕಾಣಬಹುದು. ಆದರೆ ಬಂಡವಾಳವು ಆಡಳಿತಗಾರರ ಸ್ವಂತ ಸೊತ್ತಲ್ಲ. ಅದರಲ್ಲಿ ಷೇರುದಾರರ ಪಾಲಿದೆ, ನೌಕರರ ನಾಳೆಯ ಅನ್ನವಿದೆ. 1975ರಲ್ಲಿ ಹೊರಗಿನಿಂದ ಬಂದ ಜೊನಾಥನ್ ಸ್ಕಾಟ್ ಅವರು ಸಾವಿರಕ್ಕೂ ಹೆಚ್ಚು ಅಂಗಡಿಗಳನ್ನು ಮುಚ್ಚಬೇಕಾಯಿತು. ಮತ್ತೆ ಹೊಸ ಲಾಂಛನ ಬಂತು. ಬೆಲೆ ಮತ್ತು ಅಭಿಮಾನಗಳೆರಡನ್ನೂ ಸಾರುವ ಹೊಸ ಜಾಹೀರಾತೂ ಬಂತು. ಕೆಲಸ ಕಳೆದುಕೊಂಡವರಿಗೆ ಇವು ಏನನ್ನೂ ತಂದುಕೊಡಲಿಲ್ಲ.

1979ರಲ್ಲಿ ಜರ್ಮನಿಯ ಟೆಂಗೆಲ್ಮನ್ ಸಂಸ್ಥೆ ಎ ಅಂಡ್ ಪಿಯ ಮೇಲೆ ಹಿಡಿತ ಪಡೆಯಿತು. 1980ರ ದಶಕದಲ್ಲಿ ಬೇರೆ ಬೇರೆ ಸಂಸ್ಥೆಗಳನ್ನು ಕೊಂಡು ಅವುಗಳ ಹಳೆಯ ಹೆಸರುಗಳಲ್ಲಿಯೇ ನಡೆಸುವ ನೀತಿಯನ್ನು ಅನುಸರಿಸಲಾಯಿತು. 2007ರಲ್ಲಿ ಪಾತ್‌ಮಾರ್ಕ್ ಸಂಸ್ಥೆಯನ್ನು ದೊಡ್ಡ ಸಾಲದ ಹೊರೆಯೊಂದಿಗೆ ಕೊಂಡದ್ದು ಕೊನೆಯ ವಿಸ್ತರಣೆ. 2010ರ ಡಿಸೆಂಬರಿನಲ್ಲಿ ಒಮ್ಮೆ, 2015ರ ಜುಲೈಯಲ್ಲಿ ಮತ್ತೊಮ್ಮೆ ದಿವಾಳಿಯ ಅರ್ಜಿ ಸಲ್ಲಿಕೆಯಾಯಿತು. ಆ ವರ್ಷದ ನವೆಂಬರಿನಲ್ಲಿ ಕೊನೆಯ ಅಂಗಡಿಗಳ ಬಾಗಿಲು ಮುಚ್ಚಿತು.

ಉಳಿದದ್ದು ಏನು?

ಎ ಅಂಡ್ ಪಿ ಅಂಗಡಿಗಳನ್ನು ಮುಚ್ಚುತ್ತಿದ್ದ ಕಾಲದಲ್ಲಿಯೇ, 1976ರಲ್ಲಿ, ಜರ್ಮನಿಯ ಇನ್ನೊಂದು ಸಂಸ್ಥೆ ಅಮೆರಿಕದ ಅಯೋವಾ ರಾಜ್ಯದಲ್ಲಿ ಮೊದಲ ಅಂಗಡಿಯನ್ನು ತೆರೆಯಿತು. ಅದು ಆಲ್ಡಿ. ಎಸೆನ್ ನಗರದಲ್ಲಿ ತಾಯಿ ನಡೆಸುತ್ತಿದ್ದ ಸಣ್ಣ ಅಂಗಡಿಯನ್ನು ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಸಹೋದರರು ಎರಡನೆಯ ಮಹಾಯುದ್ಧದ ನಂತರ ವಹಿಸಿಕೊಂಡು ಬೆಳೆಸಿದ್ದರು. ಚಿಕ್ಕ ಅಂಗಡಿ, ಕೆಲವೇ ಬಗೆಯ ಸರಕು, ಕಡಿಮೆ ನೌಕರರು, ಆಡಂಬರವಿಲ್ಲದ ಗೋಡೆ, ತನ್ನದೇ ಮುದ್ರೆಯ ಪದಾರ್ಥ. ವಾಚಕರಿಗೆ ಇದು ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. 1912ರ ಜೆರ್ಸಿ ನಗರದ ಅಂಗಡಿಯ ಲಕ್ಷಣಗಳೇ ಇವು. ಹಳೆಯ ಸಂಸ್ಥೆ ‘ಮಿತವ್ಯಯ’ವೆಂಬ ಪದವನ್ನು ಫಲಕದಲ್ಲಿ ಉಳಿಸಿಕೊಂಡು ಆಚರಣೆಯನ್ನು ಕೈಬಿಟ್ಟಿತ್ತು. ಹೊಸ ಸಂಸ್ಥೆ ಆ ಆಚರಣೆಯ ಬಲದಿಂದಲೇ ಅಲ್ಲಿ ಬೇರೂರಿತು.

ಎ ಅಂಡ್ ಪಿಯ ಸೊತ್ತಿನಲ್ಲಿ ಇಂದಿಗೂ ಬದುಕಿರುವ ಒಂದು ಹೆಸರಿದೆ. ಅದು ಅದರ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ‘ಏಟ್ ಓ ಕ್ಲಾಕ್’ ಕಾಫಿ. ಸಂಸ್ಥೆ 2003ರಲ್ಲಿ ಅದನ್ನು ಮಾರಿತು. 2006ರಲ್ಲಿ ಅದನ್ನು ಕೊಂಡದ್ದು ಟಾಟಾ ಕಾಫಿ. ಆ ಕಂಪೆನಿಯ ನೋಂದಾಯಿತ ಕಚೇರಿ ಇದ್ದದ್ದು ನಮ್ಮ ಕೊಡಗಿನ ಪಾಲಿಬೆಟ್ಟದಲ್ಲಿ. ಎರಡು ಸಾಗರಗಳನ್ನು ಹೆಸರಿನಲ್ಲಿ ಹೊತ್ತ ಅಂಗಡಿ ಅಳಿಯಿತು; ಜನರು ನಾಲಿಗೆಯ ಮೇಲಿಟ್ಟು ಪರೀಕ್ಷಿಸಿದ ಪದಾರ್ಥದ ಹೆಸರು ಉಳಿಯಿತು.

ಅಗ್ಗವಾಗಿ ಮಾರುವುದು ತಾನಾಗಿಯೇ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದು ಸ್ವಂತ ಮಿತವ್ಯಯದಿಂದ ಬಂದರೆ ಸಮಾಜಕ್ಕೆ ಉಪಕಾರ. ಇನ್ನೊಬ್ಬರ ಪಾಲಿನಿಂದ ಬಂದರೆ, ಉಪಕಾರದ ವೇಷ ಧರಿಸಿದ ಅಪಹಾರ. ಬಂಡವಾಳವನ್ನು ತಿಂದು ಬಂದರೆ, ನಾಳೆಯವರ ಅನ್ನವನ್ನು ಇಂದು ಬಡಿಸಿದಂತೆ. ವ್ಯಾಪಾರವನ್ನು ವಿಸ್ತರಿಸಲು ಬಯಸುವ ತರುಣ ವರ್ತಕರು ಹೊಸ ಫಲಕವನ್ನು ಬರೆಸುವ ಮುನ್ನ, ಇಳಿಸಲು ಹೊರಟಿರುವ ಬೆಲೆಯ ಒಂದೊಂದು ಪೈಸೆಯೂ ಯಾರ ಖಾತೆಯಿಂದ ಬರುತ್ತಿದೆ ಎಂಬುದನ್ನು ಕಿರ್ದಿಯಲ್ಲಿ ಬರೆದು ನೋಡಬೇಕು. ಆ ಪುಟ ಎಲ್ಲರ ಮುಂದೆ ತೆರೆದಿಡಬಹುದಾದದ್ದಾಗಿದ್ದರೆ ಫಲಕಕ್ಕೆ ಯಾವ ಹೆಸರಾದರೂ ಸರಿಯೇ.